ಪೂಜೆಗಿಟ್ಟ ಸ್ಪ್ಯಾನರ್

ಐತಪ್ಪನ ಕೆಲಸ ಖಾಯಂ ಆಗುವುದೋ ಬಿಡುವುದೋ ಒಂದು ಪಂಪಿನ ಮೇಲೆ ನಿಂತಿತ್ತು. ಹೀಗೆಂದರೆ ನಿಮಗೆ ನಗು ಬರಬಹುದು. ಮದರಾಸಿನ ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ನೋಡಿ. ಮನುಷ್ಯರ ಹಣೆಬರಹವನ್ನು ಎಂತೆಂಥ ಕಬ್ಬಿಣದ ಸಾಮಾನಿಗೆ ಕಟ್ಟಿಹಾಕಿರುತ್ತಾರೆ ಎಂದು ಆಗ ತಿಳಿಯುತ್ತದೆ.

ನಮ್ಮದು ಬಸ್ಸಿಗೆ ಬಾಡಿ ಕಟ್ಟುವ ಕಾರ್ಖಾನೆ. ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಅಲ್ಲಿಯವರೆಗೆ ಬಸ್ಸಿನ ಮುಂಗಾಜನ್ನು ರಬ್ಬರ್ ಬೀಡಿಂಗ್ ಹಾಕಿ ಕೂರಿಸುತ್ತಿದ್ದರು. ಅಂಟು ಹಾಕಿ ಕೂರಿಸುವ ಪದ್ಧತಿ ಆಗಷ್ಟೇ ಶುರುವಾಗಿತ್ತು. ಒಂದು ದೊಡ್ಡ ಟ್ರಾವೆಲ್ಸ್‌ನವರು ಅಂಟಿನ ಗಾಜಿನ ಬಸ್ಸುಗಳೇ ಬೇಕೆಂದರು. ನಮ್ಮವರು ಹೊರದೇಶದಿಂದ ಒಂದು ಪಂಪು ತರಿಸಿ ಶೆಡ್ಡಿನ ಮೂಲೆಯಲ್ಲಿ ಹೊಸ ಲೈನ್ ಹಾಕಿದರು. ದಸರಾ ರಜೆ ಕಳೆದ ಕೂಡಲೇ ಟ್ರಾವೆಲ್ಸ್‌ನವರ ಇಂಜಿನಿಯರುಗಳು ಬಂದು ಲೈನ್ ಓಡುವುದನ್ನು ಕಣ್ಣಾರೆ ನೋಡುವುದೆಂದು ನಿಶ್ಚಯವಾಗಿತ್ತು. ಅವರು ಒಪ್ಪಿದರೆ ಲೈನ್ ಉಳಿಯುತ್ತದೆ, ಅದರ ಆಪರೇಟರ್ ಐತಪ್ಪ ಖಾಯಂ ಆಗುತ್ತಾನೆ. ಒಪ್ಪದಿದ್ದರೆ ಲೈನೂ ಇಲ್ಲ, ಕಾಂಟ್ರಾಕ್ಟಿನ ಮೇಲಿರುವ ಐತಪ್ಪನೂ ಇಲ್ಲ.

ನಾನು ಅಲ್ಲಿ ಮೇಂಟೆನೆನ್ಸ್ ಇಂಜಿನಿಯರ್. ಹೆಸರು ತಿರುಮಲ, ಮಂಡ್ಯದ ಕಡೆಯವನು, ಸಿಟ್ಟು ಮೂಗಿನ ಮೇಲೆ. ಅಷ್ಟು ದೊಡ್ಡ ಶೆಡ್ಡಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಐತಪ್ಪ ಒಬ್ಬನೇ. ಅವನದು ಪುತ್ತೂರಿನ ಕಡೆಯ ಕನ್ನಡ. ಮೊದಲು ನುಂಗಂಬಾಕ್ಕಂನ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿದ್ದ. ಅದನ್ನು ಬಿಟ್ಟು ಇಲ್ಲಿ ಸೇರಿದವನಿಗೆ ಪಂಪಿನ ಕೆಲಸ ಕಲಿಸಿದವನು ನಾನೇ.

ಪಂಪಿನ ಕೆಲಸ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಡ್ರಮ್ಮಿನಲ್ಲಿ ಕರಿ ಅಂಟು ತುಂಬಿರುತ್ತದೆ, ಹಲಸಿನ ಮೇಣಕ್ಕಿಂತ ಗಟ್ಟಿ. ಅದರ ಮೇಲೆ ಒಂದು ತಟ್ಟೆ ಅಮುಕಿ ಕೂತಿರುತ್ತದೆ, ತಟ್ಟೆಯ ಮೇಲೆ ಪಂಪು. ಪಂಪಿನ ಸರಳು ಮೇಲೆ ಕೆಳಗೆ ಆಡಿದಂತೆ ಅಂಟು ಪೈಪಿನಲ್ಲಿ ಹರಿದು, ಗಾಜಿನ ಅಂಚಿಗೆ ಅಂಟು ಹಾಕುವ ಗನ್ನಿನ ತುದಿಗೆ ಬರುತ್ತದೆ. ಈ ಅಂಟಿಗೆ ಇರುವುದು ಒಂದೇ ಶತ್ರು, ನೀರು. ನೀರು ತಾಗಿದರೆ ಗಟ್ಟಿಯಾಗಿ ರಬ್ಬರಾಗುತ್ತದೆ, ಆಮೇಲೆ ದೇವರೇ ಬಂದರೂ ಕರಗುವುದಿಲ್ಲ. ಮದರಾಸಿನ ಗಾಳಿಯಲ್ಲಿರುವ ತೇವವೇ ಅದಕ್ಕೆ ಸಾಕು. ಆದ್ದರಿಂದ ಸರಳಿನ ಬುಡದಲ್ಲಿರುವ ಸಣ್ಣ ಬಟ್ಟಲಿಗೆ ಸದಾ ಎಣ್ಣೆ ತುಂಬಿಟ್ಟಿರಬೇಕು, ಗಾಳಿ ಒಳಗೆ ಹೋಗದ ಹಾಗೆ. ಎಣ್ಣೆ ಕಪ್ಪಾದರೆ ಬದಲಾಯಿಸಬೇಕು. ಕೆಲಸ ಮುಗಿದಾಗ ಸರಳನ್ನು ಕೆಳಗಿಳಿಸಿಯೇ ನಿಲ್ಲಿಸಬೇಕು. ಗನ್ನಿನ ಮೂತಿಗೆ ಗ್ರೀಸ್ ಮೆತ್ತಬೇಕು. ಇಷ್ಟು ಮಾಡಿದರೆ ಪಂಪು ಎಷ್ಟು ವರ್ಷವಾದರೂ ಓಡುತ್ತದೆ.

ಐತಪ್ಪ ಇಷ್ಟನ್ನೂ ಮಾಡುತ್ತಿದ್ದ. ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಅವನು ಮಧ್ಯಾಹ್ನಕ್ಕೇ ರಜೆ ಹಾಕಿದ್ದ. ಅವನ ಹೆಂಡತಿ ಸರಸ ತುಂಬು ಬಸುರಿ. ಅವಳನ್ನು ಡಾಕ್ಟರಿಗೆ ತೋರಿಸಲು ಹೋಗಬೇಕಿತ್ತು. ಹೋಗುವ ಮುಂಚೆ ಪಂಪಿನ ಎಣ್ಣೆ ನೋಡಿ, ಸರಳು ಇಳಿಸಿ, ಇಡೀ ಪಂಪಿಗೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದಿದ್ದ. ಟ್ರಾವೆಲ್ಸ್‌ನವರು ಬರುವ ವಿಚಾರವಾಗಿ ನನಗೂ ಹೆಡ್ ಆಫೀಸಿನಿಂದ ಬುಲಾವ್ ಬಂದಿತ್ತು. ಸಂಜೆ ಶೆಡ್ಡಿನಲ್ಲಿ ನಾವಿಬ್ಬರೂ ಇರಲಿಲ್ಲ.

ಮಾರನೆಯ ದಿನ ನಾನು ಕಾರ್ಖಾನೆಗೆ ಬಂದದ್ದೇ ತಡವಾಗಿ. ಮಾಧವರಂನ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆಯೇ ನನ್ನ ಸ್ಕೂಟರಿಗೆ ಕುಂಕುಮ ಹಚ್ಚಿ, ಹಾರ ಹಾಕಿ, "ಇವತ್ತು ಇದನ್ನ ಓಡಿಸ್ಬೇಡ ಕಣೋ, ಬಸ್ಸಲ್ಲಿ ಹೋಗು" ಎಂದಿದ್ದರು. ವಾದ ಮಾಡದೆ ಬಸ್ಸು ಹತ್ತಿದ್ದೆ. ಶೆಡ್ಡಿಗೆ ಕಾಲಿಡುವಾಗ ಮಂಗಳಾರತಿ ಮುಗಿದು ಕಡಲೆಪುರಿ ಹಂಚುತ್ತಿದ್ದರು. ಕೆಲಸಗಾರರ ಮನೆಮಂದಿಯೆಲ್ಲ ಬಂದಿದ್ದರು. ಲೇತು, ಪ್ರೆಸ್ಸು, ಕಂಪ್ರೆಸರು ಎಲ್ಲಕ್ಕೂ ಬಾಳೆಕಂದು, ಚೆಂಡುಹೂವು, ಗಂಧದ ಬೊಟ್ಟು. ನಡುವೆ ಚಾಪೆ ಹಾಸಿ ಎಲ್ಲರ ಸ್ಪ್ಯಾನರು, ಸುತ್ತಿಗೆ, ಅರಗಳನ್ನು ಸಾಲಾಗಿ ಪೂಜೆಗಿಟ್ಟಿದ್ದರು.

ಐತಪ್ಪ ಪಂಪಿನ ಮುಂದೆ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನೀರು ಹಾಕಿದ್ದಾರೆ ಸಾರ್" ಎಂದ. "ಕವರು ಬಿಚ್ಚಿ ನೀರು ಹಾಕಿದ್ದಾರೆ. ನಾನು ಆರತಿ ಆದ್ಮೇಲೆ ಹೂ ಇಡ್ಲಿಕ್ಕೆ ಬಂದು ನೋಡಿದ್ದು."

ಪಂಪು ಫಳಫಳ ಹೊಳೆಯುತ್ತಿತ್ತು. ಹಿಂದಿನ ಸಂಜೆ ಪೇಂಟ್ ಶಾಪಿನವರು ಎಲ್ಲ ಮೆಷಿನುಗಳನ್ನೂ ತೊಳೆಯುತ್ತ ಬಂದು, ಇದೊಂದನ್ನು ಯಾಕೆ ಬಿಡಬೇಕೆಂದು ಮುಸುಕು ತೆಗೆದಿದ್ದಾರೆ. ಸಂದಿಗೊಂದಿಗೆ ಸಿಗಲೆಂದು ಸರಳನ್ನೂ ತಟ್ಟೆಯನ್ನೂ ಮೇಲೆತ್ತಿದ್ದಾರೆ. ಬಟ್ಟಲಿನ ಎಣ್ಣೆಯನ್ನು ಕೊಳಕೆಂದು ಚೆಲ್ಲಿ, ಸೋಪುನೀರಲ್ಲಿ ತಿಕ್ಕಿ, ಪೈಪ್ ಹಿಡಿದು ತೊಳೆದಿದ್ದಾರೆ. ಬಟ್ಟಲಲ್ಲಿ ಇನ್ನೂ ನೀರು ನಿಂತಿತ್ತು. ಅದರಲ್ಲಿ ಯಾರೋ ಒಂದು ಸೇವಂತಿಗೆ ಬೇರೆ ತೇಲಿಬಿಟ್ಟಿದ್ದರು. ಯಾರ ಮೇಲೆ ಕೂಗಾಡಲಿ? ಒಬ್ಬರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹಬ್ಬದ ದಿನ ಹೊಸ ಮೆಷಿನು ಮಸಿ ಮೆತ್ತಿಕೊಂಡು ಕೂರಬಾರದು ಎಂದು ಪ್ರೀತಿಯಿಂದ ಮೀಸಿದ್ದರು.

ಬಗ್ಗಿ ತಟ್ಟೆಯ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಕಾಯಿಸಿಟ್ಟ ಹಾಲಿಗೆ ಕಟ್ಟುವಂತೆ ಅಂಟಿನ ಮೇಲೆ ಕೆನೆ ಕಟ್ಟಿತ್ತು.

"ಕೆನೆ ಅಷ್ಟೇ ಐತಪ್ಪ, ಒಳಗಿನ್ನೂ ಮೆತ್ತಗಿದೆ" ಎಂದೆ. "ಈಗಲೇ ಬಟ್ಟಲು ಬಿಚ್ಚಿ ನೀರು ಒರೆಸಿ, ಗಾಳಿ ಕೊಟ್ಟು ಪಂಪು ಓಡಿಸಿ ಕೆಟ್ಟದ್ದನ್ನೆಲ್ಲ ಹೊರಗೆ ತಳ್ಳಿಬಿಟ್ಟರೆ ಉಳಿಯುತ್ತೆ. ನಾಳೆ ಬೆಳಿಗ್ಗೆವರೆಗೆ ಬಿಟ್ಟರೆ ಸರಳೇ ಕಚ್ಚಿಕೊಳ್ಳುತ್ತೆ. ಸ್ಪ್ಯಾನರ್ ತನ್ನಿ."

ಅವನು ಅಲುಗಲಿಲ್ಲ. ಚಾಪೆಯ ಕಡೆ ನೋಡಿದ. ಅವನ ಸ್ಪ್ಯಾನರು ಕುಂಕುಮ ಹಚ್ಚಿಸಿಕೊಂಡು ಅಲ್ಲಿ ಮಲಗಿತ್ತು.

ಪೂಜೆಗಿಟ್ಟದ್ದನ್ನು ಆ ದಿನ ಎತ್ತುವಂತಿಲ್ಲ. ಮಾರನೆಯ ದಿನ ವಿಜಯದಶಮಿ, ಬೆಳಿಗ್ಗೆ ಮತ್ತೆ ಆರತಿ ಮಾಡಿ ನಿಂಬೆಹಣ್ಣು ಕೊಯ್ದ ಮೇಲೆಯೇ ಎತ್ತಬೇಕು. ಮೆಷಿನಿಗೂ ಅದೇ ಕಟ್ಟಳೆ. ಹೊರಗಿಂದ ಬೇರೆ ಸ್ಪ್ಯಾನರ್ ತರಬಹುದಿತ್ತಲ್ಲ ಎನ್ನಬೇಡಿ. ಆ ದಿನ ಎಸ್ಟೇಟಿನಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ತೆರೆದಿದ್ದರೂ ಅಂಗಡಿಯವನ ಸ್ಪ್ಯಾನರಿನ ಹಣೆಯಲ್ಲೂ ಕುಂಕುಮ ಇರುತ್ತಿತ್ತು.

ಮ್ಯಾನೇಜರ್ ಮುರಳೀಧರನ್ ಕುಟುಂಬ ಸಮೇತ ತಿರುಪತಿಗೆ ಹೋಗಿದ್ದರು. ಆಫೀಸಿನ ಫೋನಿನಿಂದ ಅವರನ್ನು ಸೆಲ್ಲಿನಲ್ಲಿ ಹೇಗೋ ಹಿಡಿದು ವಿಷಯ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಪೂಜೆ ಆಗೋಯ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಯಿತು ಎಂದೆ. ಕೊನೆಗೆ, ಬೇಡ ಅಂತ ನಾನು ಹೇಳುವುದಿಲ್ಲ, ಮಾಡು ಅಂತಲೂ ಹೇಳುವುದಿಲ್ಲ, ಟೆಕ್ನಿಕಲ್ ವಿಷಯ ನೀವೇ ತೀರ್ಮಾನಿಸಿ, ಆದರೆ ವರ್ಕರುಗಳು ಗಲಾಟೆ ಮಾಡಬಾರದು ಎಂದರು. ಲೈನ್ ಕಟ್ಟಾಯಿತೋ ಅವರೇ ಕಟ್ ಮಾಡಿದರೋ ಗೊತ್ತಿಲ್ಲ. ಇಂಥ ಮಾತಿಗೆ ಇವರಿಗೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ಮೈ ಉರಿಯಿತು.

ಫೋರ್‌ಮನ್ ದೊರೈಕ್ಕಣ್ಣು ಅವರ ಹತ್ತಿರ ಹೋದೆ. ಕಾರ್ಖಾನೆ ಶುರುವಾದಾಗಿನಿಂದ ಇದ್ದವರು, ಪೂಜೆಯ ಯಜಮಾನಿಕೆ ಅವರದೇ. ಒಮ್ಮೆ ಹಳೆಯ ಮ್ಯಾನೇಜರೊಬ್ಬರು ಪೂಜೆಯ ದಿನವೇ ಪ್ರೆಸ್ ಓಡಿಸಿದಾಗ ಒಬ್ಬನ ಕೈ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ನನ್ನ ಮಾತನ್ನು ಪೂರ್ತಿ ಕೇಳಿದರು. ಎಲ್ಲ ಮೆಷಿನನ್ನೂ ತೊಳೆಯಿರೆಂದು ಪೇಂಟ್ ಶಾಪಿನವರಿಗೆ ತಾನು ಹೇಳಿದ್ದರಿಂದಲೇ ಹೀಗಾಯಿತೆಂದು ಗೊತ್ತಾದಾಗ ಪಾಪ, ತಲೆಯ ಮೇಲೆ ಕೈ ಹೊತ್ತುಕೊಂಡರು.

"ಸಾರ್, ನಾನು ತಡೆಯೋದಿಲ್ಲ" ಎಂದರು ತಮಿಳಿನಲ್ಲಿ. "ಆದರೆ ಸಾಮಾನು ಕೆಳಗಿಟ್ಟವನೇ ಎತ್ತಬೇಕು. ಬೇರೆಯವರು ಮುಟ್ಟಬಾರದು. ಅದರ ಪಾಪಪುಣ್ಯ ಅವನದು. ಐತಪ್ಪ ಎತ್ತಲಿ, ಕಂಪ್ರೆಸರ್ ನಾನು ಹಾಕಿಸ್ತೀನಿ. ಯಾರೂ ಉಸಿರೆತ್ತದ ಹಾಗೆ ನೋಡ್ಕೊಳ್ತೀನಿ."

ಅಷ್ಟು ಸಿಕ್ಕಿದ್ದೇ ನನಗೆ ಹೋದ ಜೀವ ಬಂದಂತಾಯಿತು. ಓಡಿಬಂದು ಐತಪ್ಪನಿಗೆ ಹೇಳಿದೆ. ಅವನು ಚಾಪೆಯ ಹತ್ತಿರ ಬಂದ. ಕುಕ್ಕರುಗಾಲಲ್ಲಿ ಕೂತ. ಕೈ ಚಾಚಿ ಸ್ಪ್ಯಾನರಿನ ಮೇಲಿದ್ದ ಹೂವನ್ನು ಮುಟ್ಟಿದ. ಆಮೇಲೆ ತಲೆಯೆತ್ತಿ ಗೋಡೆಯ ಪಕ್ಕಕ್ಕೆ ನೋಡಿದ.

ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸರಸ ಕೂತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಹಸಿರು ಸೀರೆ, ಮಡಿಲಲ್ಲಿ ಕಡಲೆಪುರಿಯ ಪೊಟ್ಟಣ. ಪಕ್ಕದ ತಮಿಳು ಹೆಂಗಸು ಹೇಳುತ್ತಿದ್ದ ಏನಕ್ಕೋ ನಗುತ್ತಿದ್ದಳು.

ಐತಪ್ಪ ಕೈ ಹಿಂದೆ ತೆಗೆದ.

"ಬೇಡ ಸಾರ್."

"ಏನ್ರೀ ಬೇಡ? ಅವರೇ ಒಪ್ಪಿದ್ದಾರೆ, ನಿಮಗೇನು?"

"ನನ್ನಿಂದ ಆಗುದಿಲ್ಲ."

ನನ್ನ ತಲೆ ಕೆಟ್ಟುಹೋಯಿತು. ಅಷ್ಟು ಜನರ ಮುಂದೆ ದನಿಯೇರಿಸಿದೆ. "ಕೆಲಸ ಬೇಡ್ವಾ ನಿಮಗೆ? ಹುಟ್ಟೋ ಮಗೂನ ಏನು ಕೊಟ್ಟು ಸಾಕ್ತೀರಿ? ನಾಡಿದ್ದು ಅವರು ಬಂದು ನಿಂತಾಗ ಈ ಪಂಪಿಗೆ ಹೂ ಏರಿಸಿ ತೋರಿಸ್ತೀರಾ?"

"ಕೆಲಸ ಬೇಕು ಸಾರ್" ಎಂದ. ಎದ್ದು ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದ. ದನಿ ತಗ್ಗಿಸಿದ. "ಹೋದ ವರ್ಷ ನಾನು ಹೋಟೆಲಲ್ಲಿ ಇದ್ದೆ ಅಲ್ವಾ, ಆಯುಧಪೂಜೆ ದಿನ ಗ್ರೈಂಡರಿಗೂ ಪೂಜೆ ಆಗಿತ್ತು. ಅವತ್ತು ಟಿಫಿನ್ನಿಗೆ ಜನವೋ ಜನ, ದೋಸೆ ಹಿಟ್ಟು ಮುಗೀತು. ಧಣಿಗಳು ಹೇಳಿದ್ರು, ಎಂತ ಆಗುದಿಲ್ಲ ಐತಪ್ಪ, ಹಾಕು ಸ್ವಿಚ್ಚು ಅಂತ. ನಾನು ಹೂ ತೆಗ್ದು ಬದಿಗಿಟ್ಟು ಹಾಕಿದೆ. ದೀಪಾವಳಿ ಬರುದ್ರೊಳಗೆ ಇವಳ ಹೊಟ್ಟೆಯದ್ದು ಹೋಯ್ತು. ಗಂಡು ಮಗು ಸಾರ್. ಕೈಕಾಲು ಎಲ್ಲ ಬಂದಿತ್ತು."

ನಾನು ಸರಸಳ ಕಡೆ ನೋಡಿದೆ.

"ಅದಕ್ಕೇ ಹೋಟೆಲು ಬಿಟ್ಟದ್ದು. ಇವಳಿಗೆ ಗೊತ್ತಿಲ್ಲ. ನಾನು ಸ್ವಿಚ್ಚು ಹಾಕಿದ್ದು ಇವಳಿಗೆ ಇವತ್ತಿಗೂ ಗೊತ್ತಿಲ್ಲ."

ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಹೇಳಬಹುದಿತ್ತು. ಹೇಳಿದೆ ಕೂಡ. ನನ್ನ ಕಿವಿಗೇ ಅದು ಪೊಳ್ಳಾಗಿ ಕೇಳಿಸಿತು. ಅವನು ತಲೆಯಾಡಿಸಿದ, ನಾನು ಹೇಳಿದ್ದರಲ್ಲಿ ತಪ್ಪಿಲ್ಲ ಎನ್ನುವ ಹಾಗೆ, ಆದರೆ ಮಗು ಅವನದು, ನನ್ನದಲ್ಲವಲ್ಲ ಎನ್ನುವ ಹಾಗೆ.

ಸರಿ, ಅವನು ಎತ್ತದಿದ್ದರೆ ನಾನೇ ಎತ್ತುತ್ತೇನೆ, ದೊರೈಕ್ಕಣ್ಣು ಏನಾದರೂ ಹೇಳಿಕೊಳ್ಳಲಿ ಎಂದು ಚಾಪೆಯ ತನಕ ಹೋದೆ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಸ್ಕೂಟರ್ ಬಿಟ್ಟು ಬಸ್ಸಲ್ಲಿ ಬಂದದ್ದು ಅಮ್ಮನ ಬಾಯಿ ಮುಚ್ಚಿಸಲು. ಆದರೂ ಕೈ ಮುಂದೆ ಹೋಗಲಿಲ್ಲ. ಪಂಪು ಉಳಿಸಿಬಿಡುತ್ತೇನೆ, ಆಮೇಲೆ ಸರಸಳಿಗೇನಾದರೂ ಆದರೆ? ಅವನು ಬಾಯಿ ಬಿಟ್ಟು ಒಂದು ಮಾತೂ ಅನ್ನುವುದಿಲ್ಲ, ದಿನಾ ಬೆಳಿಗ್ಗೆ ಬಂದು "ನಮಸ್ಕಾರ ಸಾರ್" ಎನ್ನುತ್ತಾನೆ. ಆ ನಮಸ್ಕಾರಕ್ಕೆ ನಾನು ಹೇಗೆ ಮುಖ ಕೊಡಲಿ? ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಕೈ ಕೈ ಹಿಸುಕಿಕೊಂಡು ವಾಪಸ್ ಬಂದೆ.

ಅಷ್ಟರಲ್ಲಿ ಸರಸಳೇ ಎದ್ದು, ಸೊಂಟಕ್ಕೆ ಕೈ ಕೊಟ್ಟುಕೊಂಡು ಪಂಪಿನ ಹತ್ತಿರ ಬಂದಳು.

"ಇದೇನಾ ಸಾರ್ ಇವರ ಮೆಷಿನು? ಮನೇಲಿ ಯಾವಾಗ್ಲೂ ಇದರದ್ದೇ ಮಾತು. ಎಣ್ಣೆ ಹಾಕಿದೆ, ಎಣ್ಣೆ ತೆಗ್ದೆ ಅಂತ. ಹುಟ್ಟುವ ಮಗುವಿಗೂ ಇಷ್ಟು ಎಣ್ಣೆ ಹಚ್ಚಲಿಕ್ಕಿಲ್ಲ ಇವರು" ಎಂದು ನಕ್ಕಳು. ತಲೆಯಲ್ಲಿದ್ದ ಮಲ್ಲಿಗೆಯಿಂದ ಒಂದು ತುಂಡು ಮುರಿದು ಪಂಪಿನ ಮೇಲಿಟ್ಟು ಕೈ ಮುಗಿದಳು. ಗಂಡನ ಮುಖ ನೋಡಿ, "ಎಂತ ಆಯ್ತು?" ಎಂದು ಕೇಳಿದಳು. "ಎಂತ ಇಲ್ಲ" ಎಂದ ಐತಪ್ಪ.

ಎಣ್ಣೆಯ ಮಾತು ಕೇಳಿ ಅವನಿಗೊಂದು ಯೋಚನೆ ಬಂತು, ಎಣ್ಣೆ ಎರೆದರೆ ನೀರು ಉಕ್ಕಿ ಹೊರಗೆ ಹೋದೀತೆಂದು. ದೊರೈಕ್ಕಣ್ಣುವಿನ ಹತ್ತಿರ ಹೋಗಿ, ದೀಪಕ್ಕೆಂದು ತಂದ ಎಳ್ಳೆಣ್ಣೆಯನ್ನು ಮೆಷಿನಿಗೆ ಅಭಿಷೇಕದ ಹಾಗೆ ಸ್ವಲ್ಪ ಎರೆಯಬಹುದೇ ಎಂದು ಕೇಳಿದ. ಎರೆಯುವುದು ಕೆಲಸವಲ್ಲ, ಪೂಜೆಯೇ ಎಂದು ಅವರು ಒಪ್ಪಿದರು. ಐತಪ್ಪ ಬಟ್ಟಲಿಗೆ ಎಣ್ಣೆ ಎರೆದ. ನಾವು ಮೂವರೂ ಬಗ್ಗಿ ನೋಡಿದೆವು. ನೀರು ತಳದಲ್ಲೇ ಉಳಿಯಿತು, ಎಣ್ಣೆ ಅದರ ಮೇಲೆ ತೇಲಿತು. ಆಗುವುದೇ ಹಾಗೆ. ಅವನು ಇನ್ನಷ್ಟು ಎರೆದ. ಬಟ್ಟಲು ತುಂಬಿ ಎಣ್ಣೆಯೇ ಹೊರಗೆ ಹರಿಯಿತು. ನೀರು ಕದಲಲಿಲ್ಲ. "ಸಾಕು ಬಿಡಿ ಐತಪ್ಪ" ಎಂದೆ.

ಆ ಮಧ್ಯಾಹ್ನವೆಲ್ಲ ನಾನು ಅಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಮಾಡುವುದಕ್ಕೇನೂ ಇರಲಿಲ್ಲ, ಎದ್ದು ಹೋಗಲೂ ಮನಸ್ಸಾಗಲಿಲ್ಲ. ಜನ ಪೊಂಗಲ್ ತಿಂದರು, ಫೋಟೋ ತೆಗೆಸಿಕೊಂಡರು, ಒಬ್ಬೊಬ್ಬರಾಗಿ ಮನೆಗೆ ಹೊರಟರು. ಪಂಪು ಹೂ ಮುಡಿದು ನಿಂತಿತ್ತು. ಹೊರಗಿಂದ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ. ಒಳಗೆ ಅಂಟು ಕೂದಲೆಳೆಯಷ್ಟು ಕೂದಲೆಳೆಯಷ್ಟು ಗಟ್ಟಿಯಾಗುತ್ತಿದೆ ಎಂದು ನನಗೆ ಗೊತ್ತಿತ್ತು, ಐತಪ್ಪನಿಗೂ ಗೊತ್ತಿತ್ತು. ಅವನು ಸರಸಳನ್ನು ಕರೆದುಕೊಂಡು ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ನನಗೆ ಅಳು ಬರುವಷ್ಟು ಸಂಕಟವಾಯಿತು.

ವಿಜಯದಶಮಿಯ ಬೆಳಿಗ್ಗೆ ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಕಂಪ್ರೆಸರ್ ಹಾಕಿದರು. ಐತಪ್ಪ ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು ಎತ್ತಿದ. ಗಾಳಿ ಕೊಟ್ಟೆವು. ಪಂಪು ಒಂದೇ ಒಂದು ಸಲ ಧಡ್ ಎಂದಿತು, ಅಲ್ಲಿಗೆ ನಿಂತಿತು. ಒತ್ತಡ ಏರಿಸಿದೆ. ಅಲುಗಲಿಲ್ಲ. ಬಿಚ್ಚಿದೆವು. ಸರಳಿಗೆ ಅಂಟು ಮಾಂಸದ ಹಾಗೆ ಕಚ್ಚಿಕೊಂಡಿತ್ತು. ಬ್ಲೇಡು ಹಿಡಿದು ಕೆರೆದೆವು, ಕೊರೆದೆವು, ಎಳೆದೆವು. ಎಳೆದಾಗ, ಅಂಟು ಸೋರದಂತೆ ತಡೆಯುವ ಒಳಗಿನ ಸೀಲುಗಳು ಹರಿದು ಬಂದವು. ಅವುಗಳ ಬದಲಿಗೆ ಹಾಕುವ ಸೀಲು ಇಡೀ ಮದರಾಸಿನಲ್ಲಿ ಇರಲಿಲ್ಲ. ಕಡಲು ದಾಟಿ ಬರಬೇಕು. ಐತಪ್ಪನ ಬೆರಳುಗಳಲ್ಲಿ ರಕ್ತ ಬರುತ್ತಿತ್ತು. ಸಾಕು ಎಂದು ನಾನು ಹೇಳಿದ ಮೇಲೂ ಅವನು ಕೆರೆಯುತ್ತಲೇ ಇದ್ದ.

ಮಾರನೆಯ ದಿನ ಟ್ರಾವೆಲ್ಸ್‌ನ ಇಂಜಿನಿಯರುಗಳು ಬಂದರು. ಒಳ್ಳೆಯ ಜನ. ಬಿಚ್ಚಿ ಹರಡಿದ್ದ ಪಂಪನ್ನು ನೋಡಿ ಏನಾಯಿತೆಂದು ಕೇಳಿದರು. ಮುರಳೀಧರನ್ ತಿರುಪತಿಯ ಲಾಡು ಕೊಟ್ಟು, ಮೇಂಟೆನೆನ್ಸ್‌ನಲ್ಲಿ ಸಣ್ಣ ಲೋಪ ಎಂದರು. ನಾನು ಹರಿದ ಸೀಲುಗಳನ್ನು ಎತ್ತಿ ಡಬ್ಬಿಗೆ ಹಾಕತೊಡಗಿದೆ. ಅವರು ಕಾಫಿ ಕುಡಿದು ಥ್ಯಾಂಕ್ಸ್ ಹೇಳಿ ಹೊರಟರು. ಆ ಆರ್ಡರು ಹೊಸೂರಿನ ಒಂದು ಕಾರ್ಖಾನೆಗೆ ಹೋಯಿತೆಂದು ಆಮೇಲೆ ತಿಳಿಯಿತು. ನಮ್ಮ ಮೂಲೆಯ ಲೈನನ್ನು ಮುಚ್ಚಿ, ಅಲ್ಲಿ ಹಳೆಯ ಸೀಟುಗಳನ್ನು ರಾಶಿ ಹಾಕಿದರು.

ಐತಪ್ಪನ ಕಾಂಟ್ರಾಕ್ಟು ಆ ತಿಂಗಳ ಕೊನೆಗೆ ಮುಗಿಯಿತು. ಬೇರೆ ಸೆಕ್ಷನ್ನಿಗಾದರೂ ಹಾಕಿಕೊಳ್ಳಿ ಎಂದು ನಾನು ಕೇಳಿದೆ, ಗೋಗರೆದೆ, ಒಂದು ದಿನ ಮುರಳೀಧರನ್ ಅವರ ಮೇಜು ಗುದ್ದಿ ಕೂಗಾಡಿಯೂ ಬಂದೆ. ಏನೂ ಆಗಲಿಲ್ಲ. ದೊರೈಕ್ಕಣ್ಣು ತಪ್ಪು ತನ್ನದೆಂದು ಹೇಳಲು ಆಫೀಸಿಗೆ ಹೋದರೆ, ಹೋಗಿ ಕೆಲಸ ನೋಡಿ ಎಂದು ಅಲ್ಲಿಂದ ಕಳಿಸಿದರಂತೆ.

ಕೊನೆಯ ದಿನ ಊಟದ ಹೊತ್ತಿಗೆ ಅವನು ಬೂಟು, ಗ್ಲೌಸು ಸ್ಟೋರಿಗೆ ಒಪ್ಪಿಸಿ ನನ್ನ ರೂಮಿಗೆ ಬಂದ. ಕೂರಲು ಹೇಳಿದೆ. ಕೂರಲಿಲ್ಲ. ಬಯ್ದುಬಿಡಲಿ, ನಿನ್ನ ಕಾರ್ಖಾನೆ ಹಾಳಾಗಲಿ ಎನ್ನಲಿ ಎಂದು ಕಾಯುತ್ತಿದ್ದೆ. ಅವನ ಮುಖದಲ್ಲಿ ಕೋಪವೇ ಇರಲಿಲ್ಲ.

"ಸಾರ್, ಒಂದು ಕೇಳುದಿತ್ತು."

"ಕೇಳಿ."

"ಈ ಸಲ ನಾನು ಮುಟ್ಲಿಲ್ಲ ಅಲ್ವಾ? ನೀವು ನೋಡಿದ್ದೀರಿ. ಕೆಲಸ ಹೋದ್ರೂ ಮುಟ್ಲಿಲ್ಲ." ಅವನು ಒಂದು ಹೆಜ್ಜೆ ಮುಂದೆ ಬಂದ. "ಇನ್ನು ಮಗು ಸರಿ ಇರ್ತದಲ್ವಾ ಸಾರ್?"

ಯಾವ ಪಂಪಿನ ವಿಷಯದಲ್ಲೂ ನಾನು ಹಾಗೆ ಮಾತು ಕೊಟ್ಟವನಲ್ಲ. ಹೊಸ ಬೇರಿಂಗು ಹಾಕಿದ ದಿನವೂ, ನೋಡೋಣ, ಓಡಬಹುದು ಎನ್ನುವ ಜಾತಿ ನಾನು. "ಇರುತ್ತೆ ಐತಪ್ಪ" ಎಂದೆ. "ಏನೂ ಆಗಲ್ಲ."

"ಖಂಡಿತ ಅಲ್ವಾ ಸಾರ್?"

"ಖಂಡಿತ."

ಅವನ ಮುಖ ಅರಳಿತು. ಕೈ ಮುಗಿದು ಹೊರಟ. ನಾಳೆಗೆ ಪಂಪು ಕಚ್ಚಿಕೊಳ್ಳುತ್ತದೆ ಎಂದು ನಾನು ಅಂದದ್ದು ಹಾಗೆಯೇ ಆಗಿತ್ತಲ್ಲ, ಅದಕ್ಕೇ ಇದನ್ನೂ ಅವನು ನಂಬಿದ.